ಯುದ್ಧದಲ್ಲಿ ಕಾಣೆಯಾದವರ ಬಗ್ಗೆ ವರದಿ ಬರೆದರೆ ಸಾಲದಾ? ಪಿಎಚ್‌ಡಿ ಯಾಕೆ?

ನಿಮ್ಮ ಪ್ರಶ್ನೆ ಇಷ್ಟು: ಕೋಲಾರದಲ್ಲಿ ವರದಿಗಾರನಾಗಿದ್ದವನು ಶ್ರೀಲಂಕಾ ಯುದ್ಧದಲ್ಲಿ ಕಾಣೆಯಾದವರ ಮೇಲೆ ಪಿಎಚ್‌ಡಿಗೆ ಯಾಕೆ ಕೂತೆ, ಒಂದು ಲೇಖನ ಸರಣಿ ಬರೆದರೆ ಆಗುತ್ತಿರಲಿಲ್ಲವಾ, ಪತ್ರಕರ್ತೆಯಾದ ನೀವೂ ಕೆಲಸ ಬಿಟ್ಟು ಹೀಗೆ ಬರಬಹುದಾ.

ಸರಣಿ ಸಾಲದು. ಪತ್ರಿಕೆಗೆ ದಿನಾ ಹೊಸದೇನಾದರೂ ಬೇಕು. ಕಾಣೆಯಾದವರ ಮನೆಯಲ್ಲಿ ಹೊಸದೇನೂ ಆಗುವುದಿಲ್ಲ. ಉತ್ತರ ಶ್ರೀಲಂಕಾದ ಕಿಳಿನೊಚ್ಚಿಯಲ್ಲಿ ಕಾಣೆಯಾದವರ ತಾಯಂದಿರು 2017ರ ಫೆಬ್ರುವರಿಯಲ್ಲಿ ರಸ್ತೆ ಬದಿ ಧರಣಿ ಕೂತರು. ಮೊದಲ ದಿನ ಸುದ್ದಿ, ಸಾವಿರನೇ ದಿನ ಒಂದು ಫೋಟೊ. ನಡುವಿನ ದಿನಗಳನ್ನು ಯಾವ ಡೆಸ್ಕಿನವರು ಕೇಳುತ್ತಾರೆ ಹೇಳಿ? ನನಗೆ ಬೇಕಿದ್ದದ್ದು ಅವೇ.

ಶ್ರೀಲಂಕಾನೇ ಯಾಕೆ ಅಂದರೆ ತಮಿಳು. ಕೆಜಿಎಫ್‌ನಲ್ಲಿ ಬೆಳೆದವರಿಗೆ ಅದು ಬೀದಿಯಲ್ಲೇ ಬರುತ್ತದೆ. ಜಾಫ್ನಾದ ತಮಿಳು ಕಿವಿಗೆ ಹೊಂದಲು ಸ್ವಲ್ಪ ಟೈಮ್ ಬೇಕು, ಅದು ಬೇರೆ ಮಾತು. ಆದರೂ ಮಗನ ಬಗ್ಗೆ ಹೇಳುವ ತಾಯಿಗೂ ನನಗೂ ನಡುವೆ ದುಭಾಷಿ ಇಲ್ಲ.

ಸಂಖ್ಯೆಯನ್ನೇ ನೋಡಿ. ಸರ್ಕಾರಕ್ಕೂ ಎಲ್‌ಟಿಟಿಇಗೂ ನಡುವಿನ ಯುದ್ಧ ಮುಗಿದದ್ದು 2009ರ ಮೇ ತಿಂಗಳಲ್ಲಿ. ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಪಟ್ಟಿಯಲ್ಲಿ 16 ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಅದರಲ್ಲಿ 5 ಸಾವಿರಕ್ಕೂ ಜಾಸ್ತಿ ಜನ ಸರ್ಕಾರದ ಕಡೆಯ ಸೈನಿಕರು, ಪೊಲೀಸರು. ಇಲ್ಲಿ ಇದನ್ನು ಹೇಳಿದರೆ ಜನ ನಂಬುವುದಿಲ್ಲ. 2013ರಲ್ಲಿ ಅಲ್ಲಿನ ಸರ್ಕಾರ ನೇಮಿಸಿದ ಆಯೋಗಕ್ಕೆ 20 ಸಾವಿರಕ್ಕೂ ಹೆಚ್ಚು ದೂರು ಬಂದವು. ಎರಡು ಸಂಖ್ಯೆಯೂ ಸುಳ್ಳಲ್ಲ. ಹೊಸ ಆಯೋಗ ಬಂದಾಗಲೆಲ್ಲ ಅದೇ ಮನೆಯವರು ಮತ್ತೆ ಅರ್ಜಿ ಬರೆಯುತ್ತಾರೆ, ಹೆಸರಿನ ಸ್ಪೆಲ್ಲಿಂಗ್ ಬದಲಾಗುತ್ತದೆ. ಇನ್ನು ಕೆಲವರು ಹೆದರಿ ಬರೆಯುವುದೇ ಇಲ್ಲ. ವರದಿಯಲ್ಲಾದರೆ ಒಂದು ಸಂಖ್ಯೆ ಹಾಕಿ ಮುಂದೆ ಹೋಗಬೇಕು.

ಶ್ರೀಲಂಕಾದ ಮನ್ನಾರ್ ಊರಿನಲ್ಲಿ ಆದದ್ದು ಇನ್ನೂ ದೊಡ್ಡ ಪಾಠ. 2018ರಲ್ಲಿ ಕಟ್ಟಡದ ಪಾಯ ತೋಡುವಾಗ ಮೂಳೆ ಸಿಕ್ಕವು. ಅಗೆಯುತ್ತಾ ಹೋದರೆ 300ಕ್ಕೂ ಹೆಚ್ಚು ಅಸ್ಥಿಪಂಜರ, ಮಕ್ಕಳದ್ದೂ ಇದ್ದವು. ಯುದ್ಧದ ಹೆಣಗಳೇ ಎಂದು ಬಹಳ ಮಂದಿ ಅಂದುಕೊಂಡರು. 2019ರಲ್ಲಿ ಅಮೆರಿಕದ ಲ್ಯಾಬಿನ ಕಾರ್ಬನ್ ಪರೀಕ್ಷೆ, ಈ ಮೂಳೆಗಳು ಕ್ರಿ.ಶ. 1404ರಿಂದ 1635ರ ನಡುವಿನವು ಎಂದಿತು. ಕಾಣೆಯಾದವರ ಕುಟುಂಬಗಳ ಕಡೆಯಿಂದ ಅದಕ್ಕೆ ತಕರಾರು ಬಂತು. ಹಾಗಂತ ಎಲ್ಲ ಗುಂಡಿಯೂ ಹಳೆಯದು ಅನ್ನುವಂತಿಲ್ಲ. ಜಾಫ್ನಾ ಪಕ್ಕದ ಚೆಮ್ಮಣಿಯಲ್ಲಿ 1999ರಲ್ಲಿ 15 ಹೆಣ ತೆಗೆದಿದ್ದರು. 2025ರಲ್ಲಿ ಮತ್ತೆ ಅಗೆದಾಗ 200ಕ್ಕೂ ಹೆಚ್ಚು ಅಸ್ಥಿಪಂಜರ ಸಿಕ್ಕವು. ಇಂಥ ಕಡೆ ಗಡುವು ಇಟ್ಟುಕೊಂಡು ಬರೆಯಲಾಗುವುದಿಲ್ಲ, ಅಲ್ವಾ?

ನನ್ನ ಪ್ರಬಂಧದ ಮುಖ್ಯ ಭಾಗ ಮಾತ್ರ ಗುಂಡಿಗಳ ಬಗ್ಗೆ ಅಲ್ಲ, ಕಾಗದಗಳ ಬಗ್ಗೆ. ಗಂಡ ಸತ್ತ ಅಂತ ಸಹಿ ಹಾಕಿದರೆ ಮರಣ ಪತ್ರ ಸಿಗುತ್ತದೆ, ಜಮೀನಿನ ಕೆಲಸ ನಡೆಯುತ್ತದೆ. ಹಾಕಲ್ಲ ಅಂದವಳಿಗೆ ಎಲ್ಲವೂ ನಿಂತುಹೋಗುತ್ತದೆ. 2016ರಲ್ಲಿ ಶ್ರೀಲಂಕಾ, ಸತ್ತ ಅನ್ನದೆ ಬರೀ ಕಾಣೆಯಾಗಿದ್ದಾರೆ ಎಂದು ಹೇಳುವ ಪ್ರಮಾಣಪತ್ರ ತಂದಿತು. ನಮ್ಮಲ್ಲಿ 7 ವರ್ಷ ಸುದ್ದಿ ಇಲ್ಲದಿದ್ದರೆ ಸತ್ತಂತೆ ಎಂದು ಹಳೆಯ ಸಾಕ್ಷ್ಯ ಕಾಯ್ದೆಯ 108ನೇ ಸೆಕ್ಷನ್ ಹೇಳುತ್ತಿತ್ತು, ಹೊಸ ಸಾಕ್ಷ್ಯ ಕಾಯ್ದೆಯಲ್ಲಿ ಅದು 111. ತಿಥಿ ಮಾಡಬೇಕಾ, ಕುಂಕುಮ ತೆಗೆಯಬೇಕಾ ಅನ್ನುವುದನ್ನು ಆ ಹೆಂಗಸೇ ಯೋಚಿಸಿಕೊಳ್ಳಬೇಕು. 1971ರ ಯುದ್ಧದಲ್ಲಿ ಕಾಣೆಯಾದ ನಮ್ಮ 54 ಸೈನಿಕರ ವಿಷಯವೂ ಹೀಗೇ. ಅಂಥವರು ನಮ್ಮಲ್ಲಿಲ್ಲ ಎನ್ನುತ್ತದೆ ಪಾಕಿಸ್ತಾನ. 2007ರಲ್ಲಿ ಬಂಧುಗಳೇ ಅಲ್ಲಿನ ಜೈಲುಗಳಿಗೆ ಹೋಗಿ ಹುಡುಕಿದರು, ಯಾರೂ ಸಿಗಲಿಲ್ಲ.

ಇನ್ನು ನಿಮ್ಮ ವಿಷಯ. ವರದಿಯಲ್ಲಿ ಹೆಸರು, ಊರು, ಫೋಟೊ ಇದ್ದರೇ ಚೆನ್ನ. ಸಂಶೋಧನೆಯಲ್ಲಿ ಅದೆಲ್ಲವನ್ನೂ ಮುಚ್ಚಿಡಬೇಕು. ಅದಕ್ಕೆ ಒಗ್ಗಿಕೊಳ್ಳುವುದೇ ಕಷ್ಟ. ಸ್ಕಾಲರ್‌ಶಿಪ್ ಇಲ್ಲದೆ ಸುಮ್ನೆ ಕೆಲಸ ಬಿಡಬೇಡಿ. ಯುಜಿಸಿಯ 2022ರ ನಿಯಮದಲ್ಲಿ ಪಾರ್ಟ್‌ಟೈಮ್ ಪಿಎಚ್‌ಡಿಗೂ ಅವಕಾಶ ಇದೆ. ಮೊದಲು ನಿಮ್ಮ ಸಂಪಾದಕರು ಎನ್‌ಒಸಿ ಕೊಡುತ್ತಾರಾ ಕೇಳಿ ನೋಡಿ.