‘ಸೇದಲ್ಲ ಮೇಡಂ’

ಗುರುತು ಸಿಗದ ಹಾಗೆ ವಿವರ ಬದಲಾಯಿಸಿದ್ದೇನೆ. ಆಕೆಗೆ 32 ವರ್ಷ, ಮದುವೆಯಾಗಿ ನಾಲ್ಕು ವರ್ಷ. ಬಂದವರೇ ಚೀಲದಿಂದ ಮೂರು ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ವಿಟಮಿನ್ ಇ, ಕೋಎಂಜೈಮ್ ಕ್ಯೂ10, ಬೀಟಾ ಕ್ಯಾರೊಟಿನ್. “ಆಂಟಿಆಕ್ಸಿಡೆಂಟ್ ಅಂತೆ. ತಗೊಂಡ್ರೆ ಮಕ್ಕಳಾಗುತ್ತೆ ಅಲ್ವಾ ಮೇಡಂ?”

ಫೈಲಿನಲ್ಲಿ ‘ಧೂಮಪಾನ: ಇಲ್ಲ’ ಎಂದಿತ್ತು. ಸುಳ್ಳೇನಲ್ಲ. ಆದರೆ ಮಾತಿನ ನಡುವೆ ಆಕೆ ಎರಡು ಸಲ ಎದ್ದು ಹೋಗಿ ಉಗಿದು ಬಂದರು. ಎಲೆ ಅಡಿಕೆ ಜೊತೆ ಕಡ್ಡಿಪುಡಿ, ಅಂದರೆ ಅಗಿಯುವ ತಂಬಾಕು, ದಿನಕ್ಕೆ ಏಳೆಂಟು ಸಲ. ಹಲ್ಲುನೋವಿಗೆ ಅಂತ ಅತ್ತೆ ಕೊಟ್ಟಿದ್ದು, ಹಾಗೇ ಉಳಿದಿದೆ. ಗಂಡನಿಗೆ ದಿನಕ್ಕೊಂದು ಕಟ್ಟು ಬೀಡಿ. ತಪ್ಪು ನಮ್ಮದೇ. “ಸೇದ್ತೀರಾ?” ಅಂತ ಕೇಳ್ತೀವಿ, “ಹೊಗೆಸೊಪ್ಪು ಹಾಕ್ತೀರಾ?” ಅಂತ ಯಾರೂ ಕೇಳಲ್ಲ.

ನಾನು ಹೇಳಿದ್ದು ಇಷ್ಟು. ಹೆಣ್ಣುಮಗು ಹುಟ್ಟುವಾಗ ಅಂಡಾಶಯದಲ್ಲಿ 10ರಿಂದ 20 ಲಕ್ಷ ಅಂಡಾಣು ಇರುತ್ತವೆ. ಮೈನೆರೆಯುವ ಹೊತ್ತಿಗೆ ಮೂರ್ನಾಲ್ಕು ಲಕ್ಷ. ಆಮೇಲೂ ಇಳಿಯುತ್ತಲೇ ಹೋಗುತ್ತವೆ. ತಂಬಾಕಿನ ಹೊಗೆ ಈ ಸವೆತವನ್ನು ಜೋರು ಮಾಡುತ್ತದೆ. ಸೇದುವ ಹೆಂಗಸರಿಗೆ ಮುಟ್ಟು ನಿಲ್ಲುವುದೂ ಒಂದರಿಂದ ನಾಲ್ಕು ವರ್ಷ ಬೇಗ. ನಿಕೋಟಿನ್ ಒಡೆದು ಉಂಟಾಗುವ ಕೋಟಿನಿನ್, ಅಂಡಾಣುವಿನ ಸುತ್ತಲಿನ ದ್ರವದಲ್ಲೇ ಸಿಕ್ಕಿದೆ. ಈ ಅಧ್ಯಯನಗಳು ಹೆಚ್ಚಾಗಿ ಸೇದುವವರ ಮೇಲೆ ನಡೆದಿವೆ, ನಿಜ. ಆದರೆ ಅಗಿದರೂ ನಿಕೋಟಿನ್ ರಕ್ತಕ್ಕೆ ಸೇರುತ್ತದೆ. ಬಸುರಿಯಲ್ಲಿ ಅಗಿದರೆ ಮಗುವಿನ ತೂಕ ಕಡಿಮೆಯಾಗುವುದು, ದಿನ ತುಂಬುವ ಮೊದಲೇ ಹೆರಿಗೆಯಾಗುವುದು ಗೊತ್ತಿರುವ ಸಂಗತಿ.

“ಹಾಗಾದ್ರೆ ಮಾತ್ರೆ?”

ಜೀವಕೋಶಕ್ಕೆ ಆಗುವ ಒಂದು ಬಗೆಯ ಹಾನಿಯನ್ನು ಇವು ತಗ್ಗಿಸಬಹುದು. ಆದರೆ ಮಗುವಾಗುವ ಸಾಧ್ಯತೆ ಹೆಚ್ಚುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ. ಆಕೆಯೇ ಅಂದರು: “ಸೋರೋ ಮನೇಲಿ ಪಾತ್ರೆ ಇಟ್ಟ ಹಾಗೆ.” ನನಗೆ ಅಷ್ಟು ಚೆನ್ನಾಗಿ ಹೇಳಲು ಬಂದಿರಲಿಲ್ಲ.

ಮೂರನೇ ಡಬ್ಬಿಯಿಂದ ಗಂಡನೂ ನುಂಗುತ್ತಿದ್ದರು! ಅದನ್ನು ಅಲ್ಲೇ ನಿಲ್ಲಿಸಿದೆ. 1994ರಲ್ಲಿ ಹೊರಬಂದ ಫಿನ್‌ಲೆಂಡಿನ ದೊಡ್ಡ ಅಧ್ಯಯನದಲ್ಲಿ, ಬೀಟಾ ಕ್ಯಾರೊಟಿನ್ ಮಾತ್ರೆ ತಿಂದ ಸೇದುವ ಗಂಡಸರಿಗೆ ಶ್ವಾಸಕೋಶದ ಕ್ಯಾನ್ಸರ್ ಜಾಸ್ತಿಯಾಗಿತ್ತು. ಕ್ಯಾರೆಟ್ ತಿನ್ನಿ, ತೊಂದರೆಯಿಲ್ಲ. ನೆಲ್ಲಿಕಾಯಿ, ಸೀಬೆ, ನುಗ್ಗೆಸೊಪ್ಪು ಸಾಕು. ಫೋಲಿಕ್ ಆಸಿಡ್ ಮಾತ್ರ ಬಿಡಬೇಡಿ, ದಿನಕ್ಕೆ 400 ಮೈಕ್ರೋಗ್ರಾಂ.

ಬಿಡುವ ದಿನ ಗೊತ್ತು ಮಾಡಿಸಿದೆ. ಊಟವಾದ ಮೇಲೆ, ಬಟ್ಟೆ ಒಗೆಯುವಾಗ ಬಾಯಿ ಕೇಳುತ್ತದಂತೆ. ಆಗ ಸೋಂಪು, ಲವಂಗ. ಅಡಿಕೆಯೂ ಬೇಡ, ಅದೇ ಪುಡಿಯನ್ನು ನೆನಪಿಸುತ್ತದೆ. ನಿಕೋಟಿನ್ ಗಮ್ ಡಾಕ್ಟರನ್ನು ಕೇಳದೆ ಬೇಡ. ಕಷ್ಟವಾದರೆ ತಂಬಾಕು ಬಿಡಲು ನೆರವಾಗುವ ಸಹಾಯವಾಣಿ 1800-11-2356ಕ್ಕೆ ಫೋನ್ ಮಾಡಿ, ಉಚಿತ. ಗಂಡನಿಗೂ ಬೀಡಿ ಬಿಡಲು ಹೇಳಿದೆ. ವೀರ್ಯ ಹೊಸದಾಗಲು ಎರಡೂವರೆ ತಿಂಗಳು ಬೇಕು, ಆಮೇಲೆ ಪರೀಕ್ಷೆ. ಈ ನಡುವೆ ಆಕೆಯ ತಪಾಸಣೆ ನಿಲ್ಲಿಸುವುದು ಬೇಡ.

ಎರಡು ತಿಂಗಳ ಬಳಿಕ ಫೋನ್ ಬಂತು. ಸಂಬಂಧಿಕರ ಮದುವೆಯಲ್ಲಿ ಒಂದು ಸಲ ಹಾಕಿದ್ದರಂತೆ. “ಬೈತೀರಾ ಮೇಡಂ?” ಇಲ್ಲ ಅಂದೆ. ಅತ್ತೆಯ ಕಡ್ಡಿಪುಡಿ ಡಬ್ಬಿ ಈಗ ಎಲ್ಲಿದೆ ಅಂತ ಕೇಳಿದೆ. ಅಟ್ಟದ ಮೇಲಂತೆ.