ಎರಡೇ ಕೆಲಸಕ್ಕೆ ಇಷ್ಟೊಂದು ಭಾರವೇ?

ಪ್ರಶ್ನೆ: ಕಂಪ್ಯೂಟರಿನಲ್ಲಿ ನಾನು ಮಾಡುವುದು ಎರಡೇ ಕೆಲಸ. ಪತ್ರ ಟೈಪ್ ಮಾಡುವುದು, ಮನೆಯ ಲೆಕ್ಕ ಬರೆಯುವುದು. ಆನ್ ಮಾಡಿ ಸ್ನಾನ ಮುಗಿಸಿ ಬಂದರೂ ಆ ಚಕ್ರ ತಿರುಗುತ್ತಲೇ ಇರುತ್ತದೆ. ಜತೆಗೆ ನಾನು ಕೇಳದ ಆಟಗಳು, ಜಾಹೀರಾತು. ಬೇರೆ ಗತಿಯೇ ಇಲ್ವಾ?
– ನಿವೃತ್ತ ಶಿಕ್ಷಕಿ

ಉತ್ತರ: ನಿಮ್ಮ ಸಿಟ್ಟು ನನ್ನದೂ ಹೌದು, ಮೇಡಂ. ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶವೇ ವಿಂಡೋಸ್. ಅದರ ಹಳೆಯ ಆವೃತ್ತಿ ವಿಂಡೋಸ್ 95ಕ್ಕೆ ಕನಿಷ್ಠ 4 ಎಂಬಿ ರ‍್ಯಾಮ್ (ಕೆಲಸ ಮಾಡುವಾಗ ಕಂಪ್ಯೂಟರ್ ಬಳಸುವ ತಾತ್ಕಾಲಿಕ ಮೆಮೊರಿ) ಸಾಕಿತ್ತು. ವಿಂಡೋಸ್ 11 ಕೇಳುವುದು 4 ಜಿಬಿ. ಸಾವಿರ ಪಟ್ಟು! ನಿಮ್ಮ ಪತ್ರವೇನೂ ಸಾವಿರ ಪಟ್ಟು ಉದ್ದವಾಗಿಲ್ಲ ಅಲ್ವಾ? ಸುರಕ್ಷತೆಗೆ, ಚೆಂದದ ಅಕ್ಷರಗಳಿಗೆ ಒಂದಿಷ್ಟು ಬೇಕು, ಒಪ್ಪೋಣ. ಉಳಿದದ್ದು ಸುಮ್ನೆ ಹೊರೆ.

ವಿಂಡೋಸ್‌ಗೆ ಪೈಪೋಟಿ ಯಾಕಿಲ್ಲ? ಜನ ಜಾಸ್ತಿ ಇರುವ ಕಡೆಗೇ ತಂತ್ರಾಂಶ ಬರೆಯುತ್ತಾರೆ, ತಂತ್ರಾಂಶ ಇರುವ ಕಡೆಗೇ ಜನ ಹೋಗುತ್ತಾರೆ. ಹೊಸಬರು ಕಾಲಿಡುವುದೆಲ್ಲಿ? 1998ರಲ್ಲಿ ಅಮೆರಿಕ ಸರ್ಕಾರವೇ ವಿಂಡೋಸ್ ತಯಾರಿಸುವ ಮೈಕ್ರೋಸಾಫ್ಟ್ ಮೇಲೆ ಏಕಸ್ವಾಮ್ಯದ ಕೇಸು ಹಾಕಿತ್ತು. ಕಂಪನಿಯನ್ನು ಎರಡು ಹೋಳು ಮಾಡಿ ಎಂದು 2000ದಲ್ಲಿ ತೀರ್ಪು ಬಂತು. ಮರುವರ್ಷ ಮೇಲಿನ ಕೋರ್ಟು ಆ ಆದೇಶವನ್ನು ರದ್ದು ಮಾಡಿತು.

ನನ್ನ ಹತ್ತು ವರ್ಷದ ಲ್ಯಾಪ್‌ಟಾಪ್‌ನಲ್ಲಿ ಈಗ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಎಂಬ ಬೇರೆ ಮೂಲ ತಂತ್ರಾಂಶ ಇದೆ. ಪುಕ್ಕಟೆ, ಹಗುರ. ಪ್ರಿಂಟರ್ ಹೊಂದಿಸಲು ಮಾತ್ರ ಒಂದು ಭಾನುವಾರ ಪೂರ್ತಿ ಹೋಯಿತು (ಮನೆಯವರ ಬೈಗುಳ ಬೇರೆ). ನೀವು ತಕ್ಷಣ ಹಾಕಿಸಿಕೊಳ್ಳಬೇಡಿ. ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು, ಹಳೆಯ ಫೈಲುಗಳು ಹಾಗೇ ಇರುತ್ತವೆ. ಒಂದು ಪತ್ರ ಟೈಪ್ ಮಾಡಿ, ಪ್ರಿಂಟ್ ಬರುತ್ತದಾ ಅಂತ ಆಗಲೇ ನೋಡಿಕೊಳ್ಳಿ.