ಹೊಸಬರಿಗೆ ನಾಯಿ, ಬೆಕ್ಕಿನ ಚಿತ್ರ ಬರೆಯೋ ಕ್ಲಾಸ್ ಶುರು ಮಾಡಬೇಕು ಅಂತಿದ್ದೇನೆ. ಜಲವರ್ಣವೋ ಅಕ್ರಿಲಿಕ್ಕೋ? ನಾನು ಆರ್ಟ್ ಕಾಲೇಜಲ್ಲಿ ಓದಿಲ್ಲ, ಪರವಾಗಿಲ್ವಾ?

ಇದೇ ಎರಡು ಚಿಂತೆಯಲ್ಲಿ ನಾನೂ ಒಂದು ತಿಂಗಳು ಕಳೆದೆ. ಕೊನೆಗೆ ಕ್ಲಾಸ್ ಮುಳುಗಿಸಿದ್ದು ಫೋಟೊ.

ಜಯನಗರದಲ್ಲಿ ನಮ್ಮ ಮಹಡಿ ಮೇಲಿನ ರೂಮು. ಭಾನುವಾರ ಬೆಳಿಗ್ಗೆ 8 ಜನ, ತಲೆಗೆ 900 ರೂಪಾಯಿ. ಪೇಪರ್, ಬ್ರಷ್, ಫಿಲ್ಟರ್ ಕಾಫಿ ಎಲ್ಲ ರೆಡಿ. "ನಿಮ್ಮ ನಾಯಿದೋ ಬೆಕ್ಕಿಂದೋ ಒಂದು ಫೋಟೊ ತನ್ನಿ" ಅಂತಷ್ಟೇ ಹೇಳಿದ್ದೆ. ಎಂಥ ಫೋಟೊ ಅಂತ ಹೇಳಲಿಲ್ಲ. ಮೊದಲೇ ಕಳಿಸಿ ಅಂತ ಕೇಳಲಿಲ್ಲ. ಎಡವಿದ್ದು ಅಲ್ಲೇ.

ಎಲ್ಲರೂ ಮೊಬೈಲ್ ಹಿಡಿದು ಬಂದರು. ಒಬ್ಬರದು ರಾತ್ರಿ ಫ್ಲ್ಯಾಷ್ ಹಾಕಿ ತೆಗೆದದ್ದು, ಎರಡೂ ಕಣ್ಣು ಹಸಿರು ಬಲ್ಬು. (ನಾಯಿ ಕಣ್ಣಿನ ಹಿಂದೆ ಬೆಳಕನ್ನು ವಾಪಸ್ ಎಸೆಯೋ ಪದರ ಇರುತ್ತದೆ, ಅದಕ್ಕೇ ಹಾಗೆ.) ಇನ್ನೊಬ್ಬರು ನಿಂತುಕೊಂಡು ಮೇಲಿಂದ ತೆಗೆದಿದ್ದರು. ಕುಂಬಳಕಾಯಿಯಂಥ ತಲೆ, ಕೆಳಗೆ ಬೆಂಕಿಕಡ್ಡಿ ಕಾಲು. ಒಬ್ಬ ಹುಡುಗನ ಕರಿ ಲ್ಯಾಬ್ರಡಾರ್ ಕತ್ತಲಲ್ಲಿ ಸೋಫಾ ಮೇಲೆ ಮಲಗಿತ್ತು. ಕಿವಿ ಎಲ್ಲಿ ಮುಗಿಯಿತು, ಸೋಫಾ ಎಲ್ಲಿ ಶುರುವಾಯಿತು ನನಗೇ ಗೊತ್ತಾಗಲಿಲ್ಲ. ಹೊಸಬರು ಕಂಡದ್ದನ್ನು ಬರೆಯುತ್ತಾರೆ. ಕಾಣದ್ದನ್ನು ಊಹಿಸಿ ಬರೆಯೋಕೆ ತಲೆಬುರುಡೆ ಹೇಗಿರುತ್ತದೆ ಅಂತ ಗೊತ್ತಿರಬೇಕು, ಅದಕ್ಕೆ ವರ್ಷಗಳು ಬೇಕು. ಅವನು ಟ್ಯೂಬಿನ ಕಪ್ಪನ್ನೇ ಬಳಿದ. ಕಾಗದಕ್ಕೆ ತೂತು ಬಿದ್ದ ಹಾಗೆ ಕಂಡಿತು. "ಇದು ನಮ್ಮ ರಾಜ ಅಲ್ಲ ಸಾರ್" ಅಂದ. ರಾಜ ಹೋಗಿ ಎರಡು ತಿಂಗಳಾಗಿತ್ತಂತೆ.

ಎಲ್ಲರಿಗೂ ಅರ್ಧ ದುಡ್ಡು ವಾಪಸ್ ಕೊಟ್ಟೆ. ಮುಂದಿನ ವಾರ ಬಂದವರು ಇಬ್ಬರೇ.

ಈಗ ಮೂರು ದಿನ ಮೊದಲೇ ವಾಟ್ಸಾಪ್‌ನಲ್ಲಿ ಫೋಟೊ ತರಿಸಿಕೊಳ್ಳುತ್ತೇನೆ. ಪ್ರಾಣಿ ಕಿಟಕಿ ಪಕ್ಕ, ತೆಗೆಯೋರು ನೆಲದ ಮೇಲೆ ಕೂತು ಅದರ ಕಣ್ಣಿನ ಮಟ್ಟಕ್ಕೆ, ಫ್ಲ್ಯಾಷ್ ಬೇಡ. ಸರಿ ಬರದಿದ್ದರೆ ಮತ್ತೆ ತೆಗೆಸುತ್ತೇನೆ. ತೀರಿಕೊಂಡ ಪ್ರಾಣಿಯಾದರೆ ಇರೋ ಫೋಟೊ ಎಲ್ಲಾ ಕಳಿಸಿ ಅನ್ನುತ್ತೇನೆ. ಆರಿಸಿದ್ದನ್ನು ಎ4 ಪ್ರಿಂಟ್ ಹಾಕಿಸಿ, ಹಿಂದೆ 6ಬಿ ಪೆನ್ಸಿಲ್ ಉಜ್ಜಿ, ಪೇಪರ್ ಮೇಲಿಟ್ಟು ಗೆರೆ ತಿದ್ದಿಸುತ್ತೇನೆ. ಟ್ರೇಸ್ ಮಾಡಿಸೋದು ಮೋಸ ಅಂತ ಕೆಲವರು ಮೂಗು ಮುರಿಯುತ್ತಾರೆ. ಮುರಿಯಲಿ ಬಿಡಿ. ಮೂರು ಗಂಟೆ ಕ್ಲಾಸಲ್ಲಿ ಎರಡು ಗಂಟೆ ಮೂತಿ ಅಳೆಯೋದರಲ್ಲೇ ಹೋದರೆ ಬಣ್ಣ ಮುಟ್ಟೋದು ಯಾವಾಗ? ಕರಿ ನಾಯಿಗೆ ಟ್ಯೂಬಿನ ಕಪ್ಪು ಕೊಡೋದೇ ಇಲ್ಲ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಅಂಬರ್ ಅನ್ನೋ ಗಾಢ ಕಂದು ಬೆರೆಸಿದರೆ ಜೀವ ಇರೋ ಕಪ್ಪು ಬರುತ್ತದೆ.

ಕಾಲೇಜಿನ ಅಳುಕು ಸುಮ್ನೆ. ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಕಲಾವಿದರು ಚಿತ್ರ ಮಾರೋ ಚಿತ್ರಸಂತೆಯಲ್ಲಿ ಒಂದು ಸುತ್ತು ಹಾಕಿ, ಕೊಳ್ಳೋರು ಯಾರಾದರೂ ಸರ್ಟಿಫಿಕೇಟ್ ಕೇಳುತ್ತಾರಾ ನೋಡಿ. ಬಣ್ಣ ಅಕ್ರಿಲಿಕ್ಕೇ ಇರಲಿ. ಬೇಗ ಒಣಗುತ್ತದೆ, ತಪ್ಪಿದ ಕಡೆ ಮೇಲೆ ಬಳಿಯಬಹುದು, ಬಿಳಿ ಮೀಸೆ ಕೊನೆಗೆ ಎಳೆಯಬಹುದು. ಜಲವರ್ಣದಲ್ಲಿ ಆ ಬಿಳಿಗೆ ಮೊದಲೇ ಕಾಗದ ಬಿಟ್ಟುಕೊಂಡು ಹೋಗಬೇಕು, ಹೊಸಬರು ಅತ್ತುಬಿಡುತ್ತಾರೆ.

ಹಾಂ, ಕಾಫಿ ಕ್ಲಾಸ್ ಮುಗಿದ ಮೇಲೆ ಕೊಡಿ. ನಮ್ಮಲ್ಲಿ ಒಬ್ಬರು ಬ್ರಷ್ ತೊಳೆದ ಲೋಟವನ್ನೇ ಎತ್ತಿ ಒಂದು ಗುಟುಕು ಕುಡಿದುಬಿಟ್ಟರು.